ರಾಟೆ ಬಿಟ್ಟ ಕೈ

ವಿಲಾಸಿನಿ ಅಂಗೈಯನ್ನು ಮಗಳ ಎದೆಯಿಂದ ಎತ್ತಿ, ಹೆಗಲ ಮೇಲಿನ ಟವೆಲಿಗೆ ಒರೆಸಿಕೊಂಡು, ಮತ್ತೆ ಅಲ್ಲೇ ಇಟ್ಟಳು. ಇತ್ತು. ಎಡಗಡೆ, ಕೊರಳೆಲುಬಿನಿಂದ ಎರಡು ಬೆರಳು ಕೆಳಗೆ, ಹಳೆಯ ಜಾಗದಲ್ಲೇ ಹಳೆಯ ಮೊರೆತ. ಬೆಂಕಿಪೊಟ್ಟಣದೊಳಗೆ ಜೇನುಹುಳು ಸಿಕ್ಕಿಕೊಂಡ ಹಾಗೆ.

ಆತಿರ ತಲೆನೋವೆಂದು ಶಾಲೆಯಿಂದ ಬೇಗ ಬಂದು ಚಾಪೆಯ ಮೇಲೆ ನಿದ್ದೆಹೋಗಿದ್ದಳು. ಅವಳು ಬಂದದ್ದನ್ನು ಭಾರ್ಗವಿ ಚೇಚಿ ಹೇಳಿದ್ದೇ ತಡ, ವಿಲಾಸಿನಿ ಸೊಂಟಕ್ಕೆ ಕಟ್ಟಿದ್ದ ತೆಂಗಿನನಾರಿನ ಹೊರೆಯನ್ನೂ ಬಿಚ್ಚದೆ, ಹೊಸೆಯುತ್ತಿದ್ದ ಹುರಿಯನ್ನು ಅಂಗಳದಲ್ಲೇ ಬಿಟ್ಟು ಓಡಿಬಂದಿದ್ದಳು.

"ಬಂದೆಯಾ," ಎಂದಿತು ಅವಳ ಬಾಯಿ, ಅವಳನ್ನು ಕೇಳದೆಯೇ.

ಭಯ ಬಂದದ್ದು ಆಮೇಲೆ.

"ಚೇಚಿ! ಬನ್ನಿ ಇಲ್ಲಿ! ಮುಚ್ಚಿದ್ದು ಬಿಟ್ಟುಕೊಂಡಿದೆ!"

ಭಾರ್ಗವಿ ಚೇಚಿ ರಾಟೆಯ ಹಿಡಿ ಬಿಟ್ಟು ಮೊಣಕಾಲು ಹಿಡಿದುಕೊಂಡು ಬಂದಳು. ಪಕ್ಕದ ಮನೆಯವಳು, ಓಣಿಗೆಲ್ಲ ಚೇಚಿ, ಅಂದರೆ ಅಕ್ಕ; ಮೊಣಕಾಲು ಕೈಕೊಡುವ ತನಕ ಅವಳೂ ಹುರಿ ಹೊಸೆದವಳೇ, ಈಗ ಕೂತು ರಾಟೆ ತಿರುಗಿಸುತ್ತಾಳೆ. ಹುಡುಗಿಯ ಎದೆ ಮುಟ್ಟಿ ನೋಡಿ, "ನಂಗೇನೂ ಸಿಗ್ತಿಲ್ವಲ್ಲೇ," ಎಂದಳು.

"ನಿಮ್ಮ ಕೈ ಮರಗಟ್ಟಿಹೋಗಿದೆ. ನಂಗೆ ಗೊತ್ತು. ನಂಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗತ್ತೆ?"

ಒಂಬತ್ತು ವರ್ಷ ಆ ಮೊರೆತದ ಮೇಲೆ ಕೈಯಿಟ್ಟೇ ವಿಲಾಸಿನಿ ಮಗಳನ್ನು ಮಲಗಿಸಿದ್ದಳು. ಊಟವಾಗಿ, ಪಾತ್ರೆ ತೊಳೆದು, ದೀಪ ಸಣ್ಣದು ಮಾಡಿದ ಮೇಲೆ ಅದೊಂದು ಕೆಲಸ. ಹೊಟ್ಟೆಯೊಳಗಿರುವಾಗ ಎಲ್ಲ ಮಕ್ಕಳಿಗೂ ಹೃದಯದ ಹತ್ತಿರ ಒಂದು ಕೊಳವೆ ತೆರೆದಿರುತ್ತದಂತೆ, ಹುಟ್ಟಿದ ಮೇಲೆ ತಾನಾಗಿ ಮುಚ್ಚಿಕೊಳ್ಳುತ್ತದಂತೆ. ಅವಳ ಎರಡು ಮಕ್ಕಳಿಗೂ ಮುಚ್ಚಿಕೊಳ್ಳಲಿಲ್ಲ. ರಕ್ತ ಅದರೊಳಗಿಂದ ಹಿಂದಕ್ಕೆ ನುಗ್ಗುವ ಸದ್ದೇ ಮೊರೆತ ಎಂದು ಡಾಕ್ಟರು ಹೇಳಿದ್ದರು. ತೊಡೆಯಿಂದ ಸಣ್ಣ ನಳಿಕೆ ತೂರಿಸಿ, ತಂತಿಯ ಬಿರಡೆಯೊಂದನ್ನು ಕೂರಿಸಿ ಮುಚ್ಚಿಬಿಡಬಹುದು, ಎದೆ ಕೊಯ್ಯಬೇಕಾಗಿಲ್ಲ ಎಂದೂ ಹೇಳಿದ್ದರು. ಆದರೂ ವಿಲಾಸಿನಿ ಪ್ರತಿ ವರ್ಷ "ಬರುವ ವರ್ಷ" ಎಂದು ಮುಂದೂಡಿದಳು. ಗಂಡ ಸುಗುಣನ್ ಪ್ರವಾಸಿಗರ ದೋಣಿಯಲ್ಲಿ ಅಡುಗೆಯವನು, ವಾರಕ್ಕೊಮ್ಮೆ ಮನೆಗೆ ಬಂದಾಗಲೆಲ್ಲ ಬೈದ. ಆಸ್ಪತ್ರೆಯ ಹೆದರಿಕೆ ಎಂದು ಎಲ್ಲರೂ ತಿಳಿದರು. ಹಾಗೇ ತಿಳಿಯಲಿ ಎಂದು ಇವಳೂ ಬಿಟ್ಟುಬಿಟ್ಟಳು.

ಐದು ತಿಂಗಳ ಹಿಂದೆ ಕೊನೆಗೂ ಮುಚ್ಚಿದರು. ಆ ಸಂಜೆ ವಾರ್ಡಿನಲ್ಲಿ ಅಂಗೈಯಿಟ್ಟಾಗ ಕೆಳಗೆ ಏನೂ ಇರಲಿಲ್ಲ. ಹುಡುಗಿ ಕಣ್ಣು ಬಿಟ್ಟು ಐಸ್‌ಕ್ರೀಮು ಕೇಳುತ್ತಿದ್ದಳು, ಅವಳ ಎದೆ ಮಾತ್ರ ಜನ ಬಿಟ್ಟುಹೋದ ಮನೆಯ ಹಾಗೆ ಸುಮ್ಮನಿತ್ತು. ತಿಂಗಳ ನಂತರದ ಎಕೋ ಪರೀಕ್ಷೆಯಲ್ಲಿ ಹೃದಯದ ಬಲ ಇಳಿದಿತ್ತು. ಒಂದು ಬಡಿತಕ್ಕೆ ನೂರರಲ್ಲಿ ಅರವತ್ತು ಪಾಲು ತಳ್ಳುತ್ತಿದ್ದದ್ದು ನಲವತ್ತನಾಲ್ಕಕ್ಕೆ ಬಂದಿತ್ತು. "ಹೆದರಬೇಡಿ. ಇಷ್ಟು ದಿನ ಎರಡಾಳಿನ ಕೆಲಸ ಮಾಡ್ತಿತ್ತು. ಈಗ ಏಕಾಏಕಿ ಹೊರೆ ಇಳಿದಿದೆ, ಹೇಗೆ ದುಡೀಬೇಕು ಅಂತ ಅದಕ್ಕೇ ತಿಳೀತಿಲ್ಲ. ಆರು ತಿಂಗಳಲ್ಲಿ ಕಲೀತದೆ," ಎಂದಿದ್ದರು ಡಾಕ್ಟರು. ವಿಲಾಸಿನಿ ತಲೆಯಾಡಿಸಿದ್ದಳು, ನಂಬಿರಲಿಲ್ಲ. ಅಂದಿನಿಂದ ಆತಿರ ಓಡುವ ಹಾಗಿಲ್ಲ, ಕೊಡ ಎತ್ತುವ ಹಾಗಿಲ್ಲ, ಶಾಲೆಯ ಮೆಟ್ಟಿಲಿನವರೆಗೂ ಚೀಲ ಅಮ್ಮನದೇ.

ಮೂವರೂ ಕೊಟ್ಟಾಯದ ಆಸ್ಪತ್ರೆಗೆ ಹೊರಟರು. ಮುಹಮ್ಮ ಊರಿನ ದೋಣಿಕಟ್ಟೆಯಲ್ಲಿ ಎರಡೂವರೆಯ ದೋಣಿ ಸಿಕ್ಕಿತು. ಕಿಟಕಿಯ ಪಕ್ಕ ಕೂತ ಆತಿರಳ ತಲೆನೋವು ನೀರಿನ ಗಾಳಿಗೆ ಹೋಗಿಬಿಟ್ಟಿತ್ತು.

"ಅಮ್ಮಾ, ನಂಗೇನೂ ಆಗಿಲ್ಲ. ಬಿಸಿಲಲ್ಲಿ ನಿಂತು ಓಟ ನೋಡಿದ್ದಕ್ಕೆ ತಲೆ ನೋಯ್ತು. ಎಲ್ರೂ ಓಡ್ತಾರೆ, ನಾನೊಬ್ಬಳು ಟೀಚರ್ ಕುರ್ಚಿ ಕಾಯ್ತೀನಿ."

"ಬಾಯ್ಮುಚ್ಚಿ ಕೂತ್ಕೋ ಮೋಳೆ, ನನ್ನ ಮಗಳಲ್ವಾ. ಉಸಿರು ಹಾಳು ಮಾಡ್ಬೇಡ."

"ಉಸಿರೇನು ಕೊಟ್ಟಾಯದಿಂದ ತರಿಸ್ತೀಯೇನೇ? ಮಾತಾಡ್ಲಿ ಬಿಡು," ಎಂದಳು ಭಾರ್ಗವಿ ಚೇಚಿ. ಬಾಳೆಹಣ್ಣಿನ ಬಜ್ಜಿಯ ಪೊಟ್ಟಣ ಬಿಚ್ಚಿ ಹುಡುಗಿಯ ಕೈಗೆ ಒಂದನ್ನು ಹಾಕಿದಳು.

ವಿಲಾಸಿನಿ ನೀರನ್ನೇ ನೋಡುತ್ತ ಕೂತಳು. ಹಿಂದೊಮ್ಮೆ ಇಂಥದೇ ಮಧ್ಯಾಹ್ನ ಹೀಗೇ ಹುರಿ ಬಿಟ್ಟು ಓಡಿದ್ದಳು. ಹನ್ನೆರಡು ವರ್ಷವಾಯಿತು. ಹಿರಿಮಗಳು ಅಂಬಿಳಿಗೆ ಆಗ ಆರು ವರ್ಷ. ಮಳೆಗಾಲದ ಜ್ವರ ಎದೆಗಿಳಿದಿತ್ತು, ಆಸ್ಪತ್ರೆಯಿಂದ ಕರೆತಂದು ನಾಲ್ಕು ದಿನವಾಗಿತ್ತು. ಹುಡುಗಿ ನಿದ್ದೆ ಮಾಡುತ್ತಿದ್ದಾಳೆಂದು ಒಂದು ಹುರಿ ಮುಗಿಸಲು ಅಂಗಳಕ್ಕಿಳಿದಿದ್ದಳು ಅಷ್ಟೆ. ಅತ್ತೆ ಕೂಗಿಕೊಂಡಾಗ ಒಳಗೆ ಬಂದು ನೋಡಿದರೆ ಮಗುವಿನ ತುಟಿ ನೇರಳೆಹಣ್ಣು ತಿಂದ ಬಣ್ಣಕ್ಕೆ ತಿರುಗಿತ್ತು. ಕಾಂಪೌಂಡರು ನಾಡಿ ನೋಡಿ ಎದ್ದುನಿಂತ. ಆದರೆ ವಿಲಾಸಿನಿ ಎದೆಯ ಮೇಲೆ ಕೈಯಿಟ್ಟಾಗ ಮೊರೆತ ಇತ್ತು. "ಇದೆ! ಗುಂಯ್ ಅಂತಿದೆ! ಹೋಗಿಲ್ಲ ಅವಳು!" ಎಂದು ಅವಳು ಕಿರುಚಿದ್ದನ್ನು ಆ ಓಣಿಯವರೆಲ್ಲ ಕೇಳಿದ್ದರು. ಕೈಯನ್ನು ಬಿಡಿಸಿದವಳು ಭಾರ್ಗವಿ ಚೇಚಿಯೇ. ಒಂದೊಂದೇ ಬೆರಳು ಎತ್ತಿ ಬಿಡಿಸಬೇಕಾಯಿತು. ಬೆಳಕಿರುವಾಗಲೇ ತೋಟದ ತೆಂಕಣ ಮೂಲೆಯಲ್ಲಿ ಮಣ್ಣು ಮಾಡಿ, ಮೇಲೊಂದು ತೆಂಗಿನ ಸಸಿ ನೆಟ್ಟರು.

ಆಮೇಲೆ ಆ ಮಾತನ್ನು ಅವಳು ಯಾರ ಹತ್ತಿರವೂ ಆಡಲಿಲ್ಲ. ಹೇಳುವುದೇನಿತ್ತು? ಜೀವವಿದ್ದ ಮಗುವನ್ನು ಮಣ್ಣಿಗೆ ಕೊಟ್ಟೆವು ಎಂದೇ? ಹುರಿ ಹೊಸೆಯುವವಳು ರಾಟೆಗೆ ಮುಖಮಾಡಿ ಹಿಂದಕ್ಕೆ ನಡೆಯಬೇಕು. ಅವರ ಅಂಗಳದಲ್ಲಿ ಆ ನಡಿಗೆ ಮುಗಿಯುವುದು ತೆಂಕಣ ಮೂಲೆಯ ತೆಂಗಿನಲ್ಲಿ. ದಿನಕ್ಕೆ ಎಷ್ಟೋ ಸಲ ಹೆಜ್ಜೆ ಹೆಜ್ಜೆಯಾಗಿ, ಬೆನ್ನು ಕೊಟ್ಟುಕೊಂಡು, ಅದರತ್ತಲೇ ಹೋಗುತ್ತಿದ್ದಳು. ಕೊನೆಯ ಮೂರು ಹೆಜ್ಜೆಯಲ್ಲಿ ಬೆನ್ನಿಗೆ ಯಾರೋ ನಿಂತ ಹಾಗಾಗುತ್ತಿತ್ತು, ಅವಳ ಸೊಂಟದಷ್ಟೇ ಎತ್ತರದವರು. ಮರ ಫಲ ಕೊಡತೊಡಗಿದ ಮೇಲೂ ಅದರ ಕಾಯನ್ನು ಅವಳು ಮನೆಗೆ ತರಲಿಲ್ಲ, ಸಿಪ್ಪೆಯನ್ನು ನಾರಿಗೆ ಹಾಕಲಿಲ್ಲ. ಮೂರು ವರ್ಷದ ಮೇಲೆ ಹುಟ್ಟಿದ ಆತಿರಳ ಎದೆಯಲ್ಲಿ ಅದೇ ಮೊರೆತ ಕೈಗೆ ಸಿಕ್ಕಾಗ ನಾಲ್ಕು ದಿನ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಒಬ್ಬಳ ಮೇಲೆ ಕೈಯಿಟ್ಟರೆ ಇಬ್ಬರನ್ನೂ ಮಲಗಿಸಿದ ಹಾಗಿರುತ್ತಿತ್ತು.

ಎಕೋ ಕೋಣೆಯಲ್ಲಿ ತಣ್ಣನೆಯ ಕತ್ತಲೆ. ಡಾಕ್ಟರು ಆತಿರಳ ಎದೆಗೆ ಅಂಟು ಸವರಿ ಯಂತ್ರದ ಹಿಡಿಯನ್ನು ಅಲ್ಲಿ ಇಲ್ಲಿ ಒತ್ತಿದರು. "ಕಚಗುಳಿ ಆಗ್ತದೆ," ಎಂದು ಅವಳು ನಕ್ಕಳು. ಪರದೆಯ ಮೇಲೆ ಬೂದುಬಣ್ಣದ ಏನೋ ಒಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ವಿಲಾಸಿನಿ ಅದನ್ನು ನೋಡಲಾರದೆ ಡಾಕ್ಟರ ಮುಖ ನೋಡಿದಳು.

"ಬಿರಡೆ ಕೂತಲ್ಲೇ ಕೂತಿದೆ. ಒಂದು ಹನಿ ಸೋರಿಕೆ ಇಲ್ಲ," ಎಂದರು ಡಾಕ್ಟರು. "ಬಲ ನೋಡಿ, ಅರವತ್ತೊಂದು. ಕಲ್ತುಬಿಟ್ಟಿದೆ ಹೃದಯ. ನಿಮ್ಮ ಮಗಳು ಓಡ್ಲಿ, ಈಜ್ಲಿ, ಏನು ಬೇಕಾದ್ರೂ ಮಾಡ್ಲಿ."

"ಇಲ್ಲ ಡಾಕ್ಟರೇ. ಮತ್ತೆ ಗುಂಯ್ ಅಂತಿತ್ತು. ನನ್ನ ಕೈಯಾರೆ ನೋಡಿದೀನಿ."

"ಈಗ ಇಟ್ಟು ನೋಡಿ."

ಇಟ್ಟಳು. ಬಡಿತವಿತ್ತು, ಒಂದರ ಹಿಂದೆ ಒಂದು, ಸ್ವಚ್ಛ. ಮೊರೆತವಿರಲಿಲ್ಲ.

"ಇತ್ತು," ಎಂದಳು. "ಮಧ್ಯಾಹ್ನ ಇತ್ತು. ದೇವರಾಣೆ."

ಡಾಕ್ಟರು ಅವಳ ಕೈಯನ್ನು ತಿರುಗಿಸಿ ದೀಪಕ್ಕೆ ಹಿಡಿದರು. ನಾರು ತೀಡಿ ತೀಡಿ ಅಂಗೈ ಕಂದುಬಣ್ಣಕ್ಕೆ ತಿರುಗಿ ಕೊರಕಲು ಬಿದ್ದಿತ್ತು. "ಅದಕ್ಕೆ ಮುಂಚೆ ಏನು ಮಾಡ್ತಿದ್ರಿ?"

"ಹುರಿ ಹೊಸೀತಿದ್ದೆ. ಬೆಳಿಗ್ಗೆಯಿಂದ."

ಭಾರ್ಗವಿ ಚೇಚಿ ಹಣೆ ಬಡಿದುಕೊಂಡು ನಕ್ಕಳು. "ಅಯ್ಯೋ ನಿನ್ನ! ರಾಟೆ ಬಿಟ್ಟ ಕೈನ ನೇರ ತಂದು ಮಗು ಮೇಲಿಟ್ಟೆಯೇನೇ? ಅದು ನಿನ್ನ ಕೈ ಕಣೇ ಗುಂಯ್ ಅಂದಿದ್ದು! ಹುರಿಯ ತಿರುವು ಅರ್ಧ ಗಂಟೆ ಆದ್ರೂ ಅಂಗೈಲೇ ಇರತ್ತೆ. ನಾನು ಹೊಸೀತಿದ್ದಾಗ ತಟ್ಟೆ ಮುಟ್ಟಿದ್ರೆ ತಟ್ಟೆ ಗುಂಯ್ ಅಂತಿತ್ತು, ಗಂಡನ ಬೆನ್ನು ಮುಟ್ಟಿದ್ರೆ ಅವನೂ ಗುಂಯ್ ಅಂತಿದ್ದ. ಗೋಡೆ ಮುಟ್ಟಿದ್ರೆ ಗೋಡೆ. ಜೀವ ಇಲ್ಲದ್ದನ್ನ ಮುಟ್ಟಿದ್ರೂ..."

ನಗು ಅಲ್ಲಿಗೇ ನಿಂತಿತು. ಚೇಚಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಕಣ್ಣು ವಿಲಾಸಿನಿಯ ಬೆರಳುಗಳ ಮೇಲೆ ನೆಟ್ಟಿತ್ತು, ಹಿಂದೊಮ್ಮೆ ಒಂದೊಂದಾಗಿ ತಾನು ಬಿಡಿಸಿದ್ದ ಬೆರಳುಗಳ ಮೇಲೆ.

ಡಾಕ್ಟರಿಗೆ ಏನೂ ತಿಳಿಯಲಿಲ್ಲ. ಹುಡುಗಿಯ ಎದೆ ಒರೆಸಿ, "ಇನ್ನು ವರ್ಷಕ್ಕೊಮ್ಮೆ ಬಂದ್ರೆ ಸಾಕು," ಎಂದರು.

ಹಿಂದಿರುಗುವ ದೋಣಿಯಲ್ಲಿ ಆತಿರ ಚೇಚಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಹೊತ್ತು ಮುಳುಗುತ್ತಿತ್ತು.

"ಹನ್ನೆರಡು ವರ್ಷ," ಎಂದಳು ಚೇಚಿ ಮೆಲ್ಲಗೆ. "ಅವತ್ತು ನೀನು ಕಿರುಚಿದ್ದು ಬರೀ ಸಂಕಟಕ್ಕೆ ಅಂದ್ಕೊಂಡಿದ್ದೆ. ದಿನಾ ಎದುರುಬದುರಾಗಿ ದುಡಿದೆವು. ಒಂದು ಸಲ, ಒಂದೇ ಒಂದು ಸಲ ಬಾಯಿ ಬಿಟ್ಟಿದ್ರೆ ಅವತ್ತೇ ಹೇಳಿರ್ತಿದ್ದೆನಲ್ಲೇ."

ವಿಲಾಸಿನಿ ಎರಡೂ ಕೈಗಳನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡಿದ್ದಳು. "ಚೇಚಿ," ಎಂದಳು. "ಹಾಗಾದ್ರೆ ಅವಳು ಆಗಲೇ ಹೋಗಿದ್ದಳಾ?"

"ನೀನು ಒಳಗೆ ಬರೋ ಮೊದಲೇ, ಮೋಳೆ."

ಮಾರನೆಯ ಬೆಳಿಗ್ಗೆ ಅವರು ಎಂದಿನಂತೆ ರಾಟೆ ಹೂಡಿದರು. ಆತಿರ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು ಅಂಗಳದಲ್ಲಿ ನಿಂತು ಅಮ್ಮನ ಮುಖ ನೋಡಿದಳು. ಅಮ್ಮ ಚೀಲಕ್ಕೆ ಕೈಚಾಚದೆ ಸೊಂಟಕ್ಕೆ ನಾರು ಕಟ್ಟಿಕೊಂಡಳು. ಹುಡುಗಿ ಎರಡು ಹೆಜ್ಜೆ ನಡೆದು, ತಿರುಗಿ ನೋಡಿ, ಮತ್ತೆರಡು ಹೆಜ್ಜೆ ನಡೆದು, ಆಮೇಲೆ ಓಡಿದಳು.

ವಿಲಾಸಿನಿ ಹಿಂದಕ್ಕೆ ನಡೆದಳು. ಬೆರಳ ಸಂದಿಯಿಂದ ನಾರು ಸರಿಯುತ್ತ ಹುರಿಯಾಗುತ್ತ, ಮೊರೆಯುತ್ತ ಹೋಯಿತು. ಹುರಿಯ ತುದಿಯನ್ನು ಗೂಟಕ್ಕೆ ಸುತ್ತಿ, ಈ ಸಲ ಅವಳು ತಿರುಗಿ ನಿಂತಳು. ತೆಂಗು ಅಷ್ಟು ಎತ್ತರ ಬೆಳೆದದ್ದನ್ನು ಎದುರಿನಿಂದ ನೋಡಿ ಎಷ್ಟು ಕಾಲವಾಗಿತ್ತೋ. ಅಂಗೈಯನ್ನು ಅದರ ಕಾಂಡದ ಮೇಲೆ ಇಟ್ಟಳು.

ಮೊರೆಯುತ್ತಿತ್ತು.

ಅತ್ತ ಚೇಚಿ ರಾಟೆಯ ಹಿಡಿ ಬಿಟ್ಟು ಕಾಯುತ್ತ ಕೂತಳು, ಕರೆಯಲಿಲ್ಲ. ಓಣಿಯ ತಿರುವಿನಲ್ಲಿ ಹುಡುಗಿಯ ಕಾಲಸಪ್ಪಳ ದೂರವಾಗುತ್ತ ಕೇಳುತ್ತಿತ್ತು. ವಿಲಾಸಿನಿ ಕೈ ತೆಗೆಯಲಿಲ್ಲ. ಮೊರೆತ ಸಣ್ಣಗಾಯಿತು, ಬೆರಳ ತುದಿಗಳಲ್ಲಿ ಅಷ್ಟಿಷ್ಟು ಉಳಿಯಿತು, ಕೊನೆಗೆ ಅಲ್ಲೂ ನಿಂತಿತು. ತೊಗಟೆ ಒರಟಾಗಿತ್ತು, ಬೆಳಗಿನ ಇಬ್ಬನಿಗೆ ಸ್ವಲ್ಪ ತಣ್ಣಗಿತ್ತು.