ಮಾವನವರ ನಂಬರು

"ಥಾಂಬಾ, ಥಾಂಬಾ! ನಿಲ್ರಿ, ಮತ್ತ ತಪ್ಪಾತು," ಎಂದು ತರಬೇತಿ ಕೊಡಲು ಬಂದಿದ್ದ ಪ್ರಾಜಕ್ತಾ ಚಪ್ಪಾಳೆ ತಟ್ಟಿದಳು.

ಅಕ್ಕಲಕೋಟೆಯ ತರಬೇತಿ ಹಾಲಿನ ನೆಲದ ಮೇಲೆ ಸೀಮೆಸುಣ್ಣದ ವೃತ್ತಗಳು, ವೃತ್ತದಿಂದ ವೃತ್ತಕ್ಕೆ ಗೆರೆಗಳು. ಕನ್ನಡ ಶಾಲೆಯ ಆರು ಜನ ಶಿಕ್ಷಕರು ಒಂದೊಂದು ನಂಬರಿನ ಚೀಟಿ ಹಿಡಿದು ಆ ಗೆರೆಗಳ ಮೇಲೆ ನಡೆಯಬೇಕು. ವೃತ್ತದಲ್ಲಿ ಇಬ್ಬರು ಕೂಡಿದಾಗ ಚೀಟಿ ಹೋಲಿಸಿ ನೋಡಿ, ಸಣ್ಣ ನಂಬರಿನವರು ಎಡಕ್ಕೆ, ದೊಡ್ಡ ನಂಬರಿನವರು ಬಲಕ್ಕೆ. ಹೀಗೆ ನಡೆಯುತ್ತ ಹೋದರೆ ಕೊನೆಗೆ ಆರೂ ಜನ ಏರಿಕೆಯ ಸಾಲಿನಲ್ಲಿ ನಿಂತಿರುತ್ತಾರೆ. ಕಂಪ್ಯೂಟರೂ ಸಾಲು ಹಚ್ಚುವುದು ಹೀಗೆಯೇ, ಶಾಲೆಯಲ್ಲಿ ಕಂಪ್ಯೂಟರು ಇಲ್ಲದಿದ್ದರೂ ಮಕ್ಕಳಿಗೆ ಇದನ್ನು ಕಲಿಸಬಹುದು ಎಂದು ಪ್ರಾಜಕ್ತಾ ಬೆಳಗಿನಿಂದ ಹೇಳುತ್ತಿದ್ದಳು. ಸೋಲಾಪುರದ ನವಿ ಪೇಠದ ಬಟ್ಟೆ ಅಂಗಡಿಯವರ ಮಗಳು. ಮನೆಮಾತು ಮರಾಠಿ, ಅವಳ ಕನ್ನಡವೆಲ್ಲ ಗಿರಾಕಿಗಳಿಂದ ಕಲಿತದ್ದು.

ಎರಡು ಸಲವೂ ಸಾಲು ಕೆಟ್ಟದ್ದು ಕೊನೆಯ ಸುತ್ತಿನ ಒಂದೇ ವೃತ್ತದಲ್ಲಿ. ಹತ್ತೊಂಬತ್ತು ಹಿಡಿದ ದ್ರೌಪದಿ, ಹದಿನಾಲ್ಕು ಹಿಡಿದ ಸಾಯಬಣ್ಣ ಗುರುಗಳ ಎದುರು ಬಂದಳೆಂದರೆ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದೆಳೆದು, ಚೀಟಿ ತೋರಿಸದೆ ಸರಕ್ಕನೆ ಎಡಕ್ಕೆ ಹೋಗಿಬಿಡುತ್ತಿದ್ದಳು. ಗುರುಗಳೂ ಕಿಟಕಿ ನೋಡುತ್ತ, ಏನೂ ಆಗಿಲ್ಲವೆಂಬಂತೆ ಬಲಕ್ಕೆ ನಡೆಯುತ್ತಿದ್ದರು.

"ಮ್ಯಾಡಂ, ನಿಮ್ಮದು ದೊಡ್ಡ ನಂಬರ ಐತಿ. ಎಡಕ್ಕ ಯಾಕ ಹೋಗ್ತೀರಿ?"

ದ್ರೌಪದಿ ನೆಲ ನೋಡಿದಳು. ಪಕ್ಕದಲ್ಲಿದ್ದ ಹಿರಿಯ ಶಿಕ್ಷಕಿ ಕಸ್ತೂರಬಾಯಿಗೆ ತಡೆಯಲಾಗಲಿಲ್ಲ. "ಅವ್ರು ಆಕಿ ಮಾವಾರರೀ. ಲಗ್ನಾಗಿ ಒಂಬತ್ತ ವರ್ಷಾತು, ಇನ್ನೂ ಎದರ ನಿಂತ ಮಾತಾಡಿಲ್ಲ. ಆಕಿ ನಂಬರ ಹೆಂಗ ದೊಡ್ಡದಾಗತೈತಿ?"

"ಕಂಪ್ಯೂಟರಕ್ಕ ಮಾವ ಇರಂಗಿಲ್ರಿ," ಎಂದಳು ಪ್ರಾಜಕ್ತಾ.

"ಅದಕ್ಕ ಅದು ಅಷ್ಟ ಜಲ್ದಿ ಕೆಲಸಾ ಮಾಡತೈತಿ!" ಎಂದರು ಕಸ್ತೂರಬಾಯಿ.

ಹಾಲಿಗೆ ಹಾಲೇ ನಕ್ಕಿತು. ದ್ರೌಪದಿಗೆ ಮಾತ್ರ ಅಳು ಬರುವಂತಾಗಿತ್ತು. ಮೂರು ಸಲದೊಳಗೆ ಸಾಲು ಸರಿ ಹಚ್ಚಿದ ಗುಂಪಿನಿಂದ ಒಬ್ಬರನ್ನು ಐದು ದಿನದ ಮುಂದಿನ ತರಬೇತಿಗೆ ಸೋಲಾಪುರಕ್ಕೆ ಕಳಿಸುವವರಿದ್ದರು. ಮುಂದೆ ತಾಲೂಕಿಗೆಲ್ಲ ಕಲಿಸುವವರು ಅವರೇ. ಆ ಹೆಸರು ತನ್ನದಾಗಬೇಕೆಂದು ಅವಳಿಗೆ ಬಹಳ ಆಸೆಯಿತ್ತು. ಆದರೆ ಅತ್ತೆಯಿಲ್ಲದ ಮನೆ, ಮಾವನವರು ಒಪ್ಪಬೇಕು. ಗಂಡ ಅಪ್ಪುವಿನ ಕೈಲಿ ಎರಡು ಸಲ ಕೇಳಿಸಿದ್ದಳು. ಎರಡು ಸಲವೂ ಅಪ್ಪು ಬಂದು ಹೇಳಿದ್ದು ಒಂದೇ, "ನೋಡೂಣು ಅಂದಾರ." ಕುರನೂರಿನ ಆ ಮನೆಯಲ್ಲಿ ನೋಡೂಣು ಅಂದದ್ದು ಯಾವುದೂ ಈವರೆಗೆ ಆದದ್ದಿಲ್ಲ.

"ಇದು ಕಡೀ ಸಲ," ಎಂದಳು ಪ್ರಾಜಕ್ತಾ.

ಮತ್ತೆ ನಡೆದರು. ಮತ್ತೆ ಅದೇ ವೃತ್ತ, ಅದೇ ಇಬ್ಬರು. ದ್ರೌಪದಿ ಎಡಕ್ಕೆ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಚೀಟಿಯನ್ನು ಎದೆಯ ಮಟ್ಟಕ್ಕೆ ಹಿಡಿದಳು.

"ನಂದು ಹತ್ತೊಂಬತ್ತರಿ, ಮಾವಾರ."

ಆಡಿದ್ದು ತಾನೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. ಗುರುಗಳು ಕನ್ನಡಕ ಸರಿಮಾಡಿಕೊಂಡು, ಪರೀಕ್ಷೆಯ ಪೇಪರು ತಿದ್ದುವಷ್ಟು ಹೊತ್ತು ಅವಳ ಚೀಟಿ ನೋಡಿದರು. ಆಮೇಲೆ ತಮ್ಮದನ್ನು ನೋಡಿಕೊಂಡರು.

"ನಂದು ಹದಿನಾಲ್ಕ. ಹಂಗಾರ ನಾನ ಎಡಕ್ಕ ಹೋಗಬೇಕು."

ಅಂದರೇ ಹೊರತು ಕದಲಲಿಲ್ಲ. ಬಾಯಿ ಬಿಟ್ಟದ್ದಂತೂ ಆಯಿತು ಎಂದು ದ್ರೌಪದಿ ಕೇಳಿಯೇಬಿಟ್ಟಳು. "ಸೋಲಾಪುರಕ್ಕ ಹೋಗ್ಲೇನ್ರಿ?"

"ಜಲ್ದಿ ಮಾಡ್ರಿ ಗುರುಗಳ, ನಮ್ಮ ಕಾಲ ಸೋತವು," ಎಂದರು ಕಸ್ತೂರಬಾಯಿ.

ಗುರುಗಳು ದನಿ ತಗ್ಗಿಸಿದರು. "ಐದ ದಿನಾ ರೊಟ್ಟಿ ಯಾರ ಬಡೀಬೇಕು?"

ಇಷ್ಟು ದಿನದ ನೋಡೂಣು ಇದೇ ಆಗಿತ್ತೆ! ದ್ರೌಪದಿಗೆ ಸಿಟ್ಟೂ ಬಂತು, ನಗುವೂ ಬಂತು.

"ನಿಮ್ಮ ಮಗಾ ಬಡೀತಾರ್ರಿ."

ಈ ಸಲ ಹಾಲು ನಗಲು ಹೆದರಿತು. ಸಾಯಬಣ್ಣ ಗುರುಗಳು ಮೀಸೆ ಸವರಿಕೊಂಡರು, ಒಮ್ಮೆ ಕೆಮ್ಮಿದರು, ಎಡಕ್ಕೆ ನಡೆದು ತಮ್ಮ ಜಾಗದಲ್ಲಿ ನಿಂತರು. ದ್ರೌಪದಿ ಅವರ ಪಕ್ಕಕ್ಕೆ ಬಂದು ನಿಂತಳು. ಸಾಲು ಸರಿಯಾಗಿತ್ತು.

ಪ್ರಾಜಕ್ತಾ ಪೆನ್ನು ತೆಗೆದಳು. "ಯಾರ ಹೆಸರ ಬರೀಲಿ?"

"ದ್ರೌಪದಿ ಅಂತ ಬರಕೋರಿ," ಎಂದವರೇ ಗುರುಗಳು ಜೇಬಿನಿಂದ ಫೋನು ತೆಗೆದು ಮಗನಿಗೆ ಹಚ್ಚಿದರು. "ಅಪ್ಪೂ, ರೊಟ್ಟಿ ಬಡಿಯೂದ ಕಲಿಬೇಕಪಾ. ಐದ ದಿನದ್ದು."

ಆ ಕಡೆಯಿಂದ ಬಂದ ಗದ್ದಲ ಹಾಲಿನ ಬಾಗಿಲಲ್ಲಿದ್ದವರಿಗೂ ಕೇಳಿಸಿತು. ಗುರುಗಳು ಫೋನನ್ನು ಕಿವಿಯಿಂದ ದೂರ ಹಿಡಿದು, ಪಕ್ಕಕ್ಕೆ ತಿರುಗಿ ಸೊಸೆಗೆ ಚಾಚಿದರು.

"ನೀನ ಹೇಳವಾ."

ದ್ರೌಪದಿ ಚೀಟಿಯನ್ನು ಎಡಗೈಗೆ ಬದಲಿಸಿಕೊಂಡು ಫೋನು ತೆಗೆದುಕೊಂಡಳು.