ಆಮೆನ್ ಹೇಳುವ ಮುಂಚೆ

"ಇನ್ನೂ ಯಾರಾದರೂ ಬರುವವರಿದ್ದೀರಾ?"

ಪ್ರತಿ ಭಾನುವಾರ ಆರಾಧನೆಗೆ ಮುಂಚೆ ನಮ್ಮ ಚರ್ಚಿನ ಪಾದ್ರಿ ಕೃಪಾನಿಧಿ ಅಯ್ಯನವರು ತೆರೆದ ಬಾಗಿಲಿನ ಕಡೆ ತಿರುಗಿ ಹೀಗೆ ಕೇಳುತ್ತಿದ್ದರು. ಹೊರಗೆ ಯಾರೂ ಇರುತ್ತಿರಲಿಲ್ಲ. ಬಿಸಿಲು ಮಾತ್ರ ಹೊಸ್ತಿಲು ದಾಟಿ ಬಂದು ಕೊನೆಯ ಬೆಂಚಿನ ಕಾಲ ಬಳಿ ಬಿದ್ದಿರುತ್ತಿತ್ತು. ಅವರು ಒಂದು ಗಳಿಗೆ ಕಾದು, ಬಾಗಿಲನ್ನು ಹಾಗೆಯೇ ಬಿಟ್ಟು ಪೀಠದತ್ತ ನಡೆಯುತ್ತಿದ್ದರು. ಪೇಟೆಯ ದೊಡ್ಡ ಸಭೆ ಹೊರಗಟ್ಟಿದವರು ನಮ್ಮಲ್ಲಿದ್ದರು. ಗಂಡಸನ್ನೇ ಮೆಚ್ಚಿ ಬಾಳುವ ಗಂಡಸರು, ಹೆಂಗಸಿನೊಡನೆಯೇ ಮನೆ ಹೂಡಿದ ಹೆಂಗಸರು. ಅವರ ಪಕ್ಕದಲ್ಲೇ ಮಕ್ಕಳುಮರಿ ಕಟ್ಟಿಕೊಂಡ ಸಂಸಾರಸ್ಥರು. ಯಾರು ಎಲ್ಲಿ ಕೂರಬೇಕೆಂದು ಅಲ್ಲಿ ಯಾರೂ ಹೇಳುತ್ತಿರಲಿಲ್ಲ.

ನನ್ನನ್ನು ಸಾಕಿದ ಸೋದರತ್ತೆ ದೀನಮ್ಮನಿಗೆ ಕೀರ್ತನೆಗಳೆಲ್ಲ ಬಾಯಿಪಾಠ. ಒಲೆಯ ಮುಂದೆ ಅವಳು ಹೇಳುವುದು, ನಾನು ಕೇಳುವುದು. ಹೀಗೆ ಬೆಳೆದ ನನಗೆ ಕಣ್ಣಿಗಿಂತ ಕಿವಿ ಚುರುಕು. ಪಾಪದ ಅರಿಕೆಗೆ ಎಲ್ಲರೂ ಬಾಗಿಲಿಗೆ ಬೆನ್ನು ಮಾಡಿ ಮೊಣಕಾಲೂರಬೇಕು, ಅಯ್ಯನವರು ಆಮೆನ್ ಅನ್ನುವವರೆಗೆ ಏನೇ ಆದರೂ ಕಣ್ಣು ತೆರೆಯಬಾರದು ಎಂದು ಕಲಿಸಿದವಳೂ ಅವಳೇ. ದೊಡ್ಡ ಸಭೆಯಲ್ಲೂ ಅದೇ ಪದ್ಧತಿಯಿತ್ತು.

ಆ ಭಾನುವಾರ ನಮ್ಮ ಮುಂದಿನ ಬೆಂಚಿನಲ್ಲಿ ಸಂಪತ್ತು ಮತ್ತು ಹನೋಕ ಕೂತಿದ್ದರು. ಹನೋಕ ದರ್ಜಿ. ಅವನೊಡನೆ ಬಾಳಲೆಂದು ಸಂಪತ್ತು ತನ್ನ ಮನೆ ಬಿಟ್ಟು ಬಂದಿದ್ದ.

"ಏನೋ ಸಂಪತ್ತು, ಮನೇಲೇ ಟೈಲರ್ ಇಟ್ಕೊಂಡು ಅಂಗಿಗೆ ಗುಂಡಿ ಇಲ್ವಲ್ಲೋ!" ಎಂದಳು ಅತ್ತೆ.

"ಊರೋರದ್ದು ಮೊದಲು, ದೀನಕ್ಕ. ಮನೆಯೋರು ಕಾಯ್ಲಿ," ಎಂದು ಹನೋಕ ನಕ್ಕ.

ಅಷ್ಟರಲ್ಲಿ ಅಯ್ಯನವರು ಎಂದಿನಂತೆ ಕೇಳಿದರು. ಅಂದು ಮೊದಲ ಬಾರಿಗೆ ಹೊರಗಿನಿಂದ ಉತ್ತರ ಬಂತು.

"ಇದ್ದೀವಿ ಅಯ್ಯನವರೇ. ನೀವು ಶುರು ಮಾಡಿ."

ಹಾಡಿ ಪಳಗಿದ, ತುಂಬು ದನಿ. ಅಯ್ಯನವರ ಮುಖ ಅರಳಿತು. ಸಂಪತ್ತು ತಟ್ಟನೆ ತಲೆಯೆತ್ತಿದ.

ಅರಿಕೆಗೆ ಮೊಣಕಾಲೂರಿದೆವು. ಬೆನ್ನ ಹಿಂದೆ ಹೆಜ್ಜೆಗಳು ಬಂದವು, ತಡವಾಗಿ ಬಂದವರೆಂದುಕೊಂಡೆ. ಹೆಜ್ಜೆಗಳು ನಮ್ಮನ್ನು ದಾಟಿ ಪೀಠದವರೆಗೆ ಹೋದವು. ಅಲ್ಲಿ, ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂಥ ಸದ್ದು. ಅಯ್ಯನವರ ಪ್ರಾರ್ಥನೆ ಅರ್ಧಕ್ಕೇ ನಿಂತಿತು. ಯಾರೂ ಕಣ್ಣು ತೆರೆಯಲಿಲ್ಲ. ಬೆಂಚೊಂದು ಲಟಕ್ಕನೆ ಮುರಿಯಿತು. ಯಾರೋ ಉಸಿರು ಕಟ್ಟಿ ನರಳಿದರು. ನಾನು ಮಿಸುಕಿದೆ, ಅತ್ತೆ ನನ್ನ ಕೈ ಹಿಂಡಿ, "ತಡಿ, ಇನ್ನೂ ಆಮೆನ್ ಆಗಿಲ್ಲ," ಎಂದು ಪಿಸುಗುಟ್ಟಿದಳು.

ಬಿಸಿಯಾದದ್ದೇನೋ ನನ್ನ ಕೆನ್ನೆಗೆ ಸಿಡಿದಾಗ ಕಣ್ಣು ಬಿಟ್ಟೆ. ಅಯ್ಯನವರು ಪೀಠದ ಮೆಟ್ಟಿಲ ಮೇಲೆ ಬಿದ್ದಿದ್ದರು. ತುಟಿ ಹರಿದು, ಹಲ್ಲು ಮುರಿದು, ಬಾಯಿ ತುಂಬ ರಕ್ತ. ಆಮೆನ್ ಹೇಳುವ ಬಾಯಿಯನ್ನೇ ಮೊದಲು ಒಡೆದಿದ್ದರು. ನಮ್ಮ ಪದ್ಧತಿಯಲ್ಲಿ ಬೆಳೆದವನಿಗಲ್ಲದೆ ಬೇರೆ ಯಾರಿಗೂ ಅದು ಹೊಳೆಯುತ್ತಿರಲಿಲ್ಲ.

ನೆಲಕ್ಕೆ ಕೆಡವಿದ ಹನೋಕನ ಬಲಗೈಯನ್ನು ನುಗ್ಗಿ ಬಂದವರಲ್ಲೊಬ್ಬ ಬೂಟುಗಾಲಿನಿಂದ ತುಳಿದು ಮುರಿಯುತ್ತಿದ್ದ. ಸಂಪತ್ತು ಹನೋಕನ ಮೇಲೆ ಬೋರಲು ಬಿದ್ದು ತಬ್ಬಿಕೊಂಡ. ಇನ್ನೊಬ್ಬನ ಕೈಯ ಸೈಕಲ್ ಚೈನು ಸಂಪತ್ತಿನ ಬೆನ್ನಿನ ಅಂಗಿಯನ್ನೂ ಚರ್ಮವನ್ನೂ ಒಟ್ಟಿಗೇ ಕಿತ್ತಿತು.

"ಇದ್ರಲ್ಲಿ ಹೆಂಡ್ತಿ ಯಾರೋ? ಎದ್ದು ತೋರ್ಸು!"

"ಹೋಗಿ ನಿಮ್ಮಪ್ಪನ್ನ ಕೇಳೋ!" ಎಂದು ಅತ್ತೆ ಆ ಚೈನಿನವನ ಮೇಲೆ ಎಗರಿದಳು. ಅವನು ನೂಕಿದ ರಭಸಕ್ಕೆ ಅವಳ ಹಣೆ ಕಿಟಕಿಯ ಸರಳಿಗೆ ಬಡಿದು ಬಿರಿಯಿತು. ಚೈನು ಮತ್ತೆ ಮೇಲೆದ್ದಿತು.

"ನಿಲ್ಸ್ರೋ! ಅವನು ನನ್ನ ತಮ್ಮ!"

ಹೊರಗಿನಿಂದ ಉತ್ತರ ಕೊಟ್ಟಿದ್ದ ಅದೇ ದನಿ. ಸಂಪತ್ತಿನ ಅಣ್ಣ ಜಯಕರ, ದೊಡ್ಡ ಸಭೆಯಲ್ಲಿ ಹಾಡಿಕೆ ನಡೆಸುತ್ತಿದ್ದವನು. ಅವನ ದೊಣ್ಣೆಯ ತುದಿಯಿಂದ ಅಯ್ಯನವರ ರಕ್ತ ತೊಟ್ಟಿಕ್ಕುತ್ತಿತ್ತು. ಕಣ್ಣಲ್ಲಿ ನೀರಿತ್ತು.

"ಏಳೋ ಸಂಪತ್ತು. ಅವನನ್ನ ಬಿಟ್ಟು ಈ ಕಡೆ ಬಾ. ನನ್ನ ಪಕ್ಕ ನಿಂತ್ಕೋ, ಸಾಕು. ಒಬ್ಬನೂ ನಿನ್ನ ಮೈ ಮುಟ್ಟಲ್ಲ."

"ಇವನು?"

"ಅವನ ಮಾತು ಬಿಡು." ಜಯಕರ ದೊಣ್ಣೆಯನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಕೈ ಜೋಡಿಸಿದ. "ಇವರು ನಿನ್ನ ಕೊಂದೇಬಿಡ್ತಾರೋ. ನಿನ್ನ ಕಾಲಿಗೆ ಬೀಳ್ತೀನಿ, ಬಾರೋ."

ಸಂಪತ್ತು ಬಾಯಲ್ಲಿದ್ದ ರಕ್ತವನ್ನು ಪಕ್ಕಕ್ಕೆ ಉಗುಳಿದ. ಹನೋಕನ ತಲೆಯನ್ನು ತನ್ನ ಎದೆಯಡಿಗೆ ಮೆಲ್ಲಗೆ ಎಳೆದುಕೊಂಡು, ಗುಂಡಿಯಿಲ್ಲದ ಅಂಗಿಯಿಂದ ಅವನ ಕಣ್ಣು ಮುಚ್ಚಿದ.

"ಬರಲ್ಲ ಅಣ್ಣ."