ಹಗಲ ಗುಳಿಗಿ

ಓಬಳೆಪ್ಪ ಊಟಕ್ಕೂ ಕುಳಿತುಕೊಳ್ಳುತ್ತಿರಲಿಲ್ಲ.

ಶ್ರೀರಾಮನಗರದ ದಾರಿಯಲ್ಲಿರುವ ಆ ಅಕ್ಕಿ ಗಿರಣಿಯ ಹಿಂದೆ ಭತ್ತ ಒಣಗಿಸುವ ಸಿಮೆಂಟಿನ ಕಣವಿದೆ. ಬಾಯ್ಲರಿನಲ್ಲಿ ಕುದಿಸಿದ ಭತ್ತವನ್ನು ಹಬೆಯಾಡುತ್ತಿರುವಾಗಲೇ ತಂದು ಅಲ್ಲಿ ಹರವುತ್ತಾರೆ. ಹರವಿದ ಮೇಲೆ ಕೂಲಿಯವರು ಬರಿಗಾಲಿನಲ್ಲಿ ಅದರೊಳಗೆ ನಡೆಯಬೇಕು. ಕಾಲೆಳೆದು ಸಾಲು ಹೊಡೆಯುತ್ತ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಕೆಳಗಿನ ಕಾಳು ಮೇಲೆ ಬರಬೇಕು, ಮೇಲಿನದು ಕೆಳಗೆ ಹೋಗಬೇಕು. ಒಂದು ತಾಸು ನಡೆದವರು ನೆರಳಿಗೆ ಬಂದು ಅಂಗಾಲು ನೀವಿಕೊಳ್ಳುತ್ತಾರೆ. ಓಬಳೆಪ್ಪ ಬರುತ್ತಿರಲಿಲ್ಲ. ಮುಂಜಾನೆ ಎಂಟಕ್ಕೆ ಇಳಿದರೆ ಸಂಜೆ ಆರರ ತನಕ ನಡೆದೇ ನಡೆಯುತ್ತಿದ್ದ. ಹಿಮ್ಮಡಿ ಒಡೆದು ರಕ್ತ ಜಿನುಗಿದರೂ ನಡೆಯುತ್ತಿದ್ದ.

ಅವನ ಹೆಂಡತಿ ಹೊಳಿಯಮ್ಮ ಅದೇ ಕಣದಲ್ಲಿ ಭತ್ತ ಗುಡಿಸುವವಳು. ಮಧ್ಯಾಹ್ನ ರೊಟ್ಟಿಯ ಗಂಟು ಹಿಡಿದು ಕಣದ ಅಂಚಿನಲ್ಲಿ ನಿಂತಳು.

"ಕುಂತು ಉಣ್ರಿ. ಒಂದ ರೊಟ್ಟಿ ಉಣ್ಣೋತನಕರ ಕುಂದರ್ರಿ."

"ಆಗವೊಲ್ದು ಹೊಳಿ. ಕಾಲಾಗ ಇರಿವಿ ಬಿಟ್ಟಂಗ ಆಗತೈತಿ. ನಡದ್ರ ಅಷ್ಟ ಸುಮ್ಮನಾಗ್ತಾವ."

ಪುಂಡಿಪಲ್ಲೆ ಸುತ್ತಿದ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಅವನು ಮತ್ತೆ ಸಾಲಿಗಿಳಿದ. ನೆರಳಲ್ಲಿ ಕುಳಿತಿದ್ದ ದುರಗಮ್ಮ ಕೂಗಿ ಕೇಳಿದಳು.

"ಹೊಳಿಯವ್ವ, ನಿನ್ನ ಗಂಡ ಮನಶ್ಯಾನೋ ಟ್ರ್ಯಾಕ್ಟರೋ? ಡೀಸೆಲ್ ಎಲ್ಲಿ ಹಾಕಸ್ತೀದಿ?"

ಕೇಳಿದ ಮಾತಿನಲ್ಲಿ ನಗುವಿತ್ತು, ಮುಖದಲ್ಲಿ ಇರಲಿಲ್ಲ. ಮೊದಲು ಆ ಕಣಕ್ಕೆ ಆರು ಜನ ಇದ್ದರು. ಓಬಳೆಪ್ಪ ಹೀಗೆ ನಡೆಯತೊಡಗಿದ ಮೇಲೆ ಮೇಸ್ತ್ರಿ ಮರಿಸ್ವಾಮಿ ನಾಲ್ವರೇ ಸಾಕೆಂದ. ಹೊರಗೆ ಹೋದ ಇಬ್ಬರಲ್ಲಿ ಒಬ್ಬಳು ದುರಗಮ್ಮನ ತಂಗಿ ರೇಣುಕಾ.

"ನಿನ್ನ ಗಂಡ ಕುಂತಿದ್ರ ನನ್ನ ತಂಗಿ ನಿಂತಿರತಿದ್ಲು," ಎಂದಳು ದುರಗಮ್ಮ.

ಹೊಳಿಯಮ್ಮ ಕಸಬರಿಗೆ ಎತ್ತಿಕೊಂಡು ಕಣದ ಅಂಚು ಗುಡಿಸತೊಡಗಿದಳು. ಆಫೀಸಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದ ಮರಿಸ್ವಾಮಿ ಮಾತ್ರ ಎಲ್ಲರಿಗೂ ಕೇಳುವಂತೆ ಹೇಳಿದ. "ದುಡಿಯೋದು ಅಂದ್ರ ಹಿಂಗ. ನೋಡಿ ಕಲೀರಿ."

ಓಬಳೆಪ್ಪ ಹಿಂದೆ ಹೀಗಿರಲಿಲ್ಲ. ಯಲಬುರ್ಗಾ ಕಡೆಯ ತನ್ನೂರಿನಲ್ಲಿ ಭಜನೆಗೆ ತಾಳ ಹಿಡಿದು ಕುಳಿತನೆಂದರೆ ಹನ್ನೆರಡು ಪದ ಮುಗಿಯುವ ತನಕ ತೊಡೆ ಮಿಸುಕುತ್ತಿರಲಿಲ್ಲ. ಗಿರಣಿಗೆ ಬಂದ ಮೇಲೂ ಅಮಾವಾಸ್ಯೆಗೆ, ಗಿರಣಿ ಬಂದ್ ಇರುವ ದಿನ, ದೀಪ ಹಚ್ಚುವ ಹೊತ್ತಿಗೆ ಹನುಮಪ್ಪನ ಗುಡಿಯಲ್ಲಿ ಹಾಗೆಯೇ ಕುಳಿತಿರುತ್ತಿದ್ದ.

ಎರಡು ವರ್ಷದ ಹಿಂದೆ ಬಾಯ್ಲರಿನ ಸದ್ದಿನೊಳಗೆ ಯಾರೋ ತನ್ನ ಹೆಸರು ಹಿಡಿದು ಬೈಯುತ್ತಾರೆ ಎನ್ನತೊಡಗಿದ. ನಿದ್ದೆ ಹೋಯಿತು. ಹೊಳಿಯಮ್ಮ ಅವನನ್ನು ಬಸ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ಶಾಂಭವಿ ರಾತ್ರಿಗೊಂದು ಗುಳಿಗೆ ಬರೆದರು. ಒಂದೆರಡು ತಿಂಗಳಿಗೆ ಸದ್ದು ಬರೀ ಸದ್ದಾಯಿತು. ಆರಾಮಾಯಿತಲ್ಲ ಎಂದು ಅವನೇ ಗುಳಿಗೆ ಬಿಟ್ಟ. ಮೂರನೆಯ ವಾರಕ್ಕೆ ಕಾಲುವೆಯ ದಂಡೆಯಲ್ಲಿ ಸಿಕ್ಕ, ನೀರಿನೊಳಗಿಂದ ಕರೆಯುತ್ತಿದ್ದಾರೆ ಎನ್ನುತ್ತ. ಅಂದಿನಿಂದ ಹೊಳಿಯಮ್ಮ ರಾತ್ರಿ ಊಟವಾದ ಮೇಲೆ ತನ್ನ ಕೈಯಾರೆ ಗುಳಿಗೆ ಕೊಟ್ಟಳು. ಒಂದು ದಿನವೂ ತಪ್ಪಿಸಲಿಲ್ಲ. ಒಂದೂವರೆ ವರ್ಷ ಗಂಡ ಗಂಡನಾಗಿದ್ದ.

ನಾಲ್ಕು ತಿಂಗಳ ಹಿಂದೆ ಮರಿಸ್ವಾಮಿ ತಾನಾಗಿ ಬಂದು ಕೇಳಿದ್ದ. "ತಿಂಗಳಾ ಇಬ್ಬರೂ ಒಂದು ದಿನ ಕೆಲಸ ಬಿಟ್ಟು ಯಾಕ ಹೊಕ್ಕೀರಿ? ಚೀಟಿ ಕೊಡ್ರಿ. ನಾ ಆ ಕಡಿ ಹೋದಾಗ ತರತೀನಿ."

ಆಸ್ಪತ್ರೆಯ ಚೀಟಿ ಅವನ ಪೆಟ್ಟಿಗೆ ಸೇರಿತು. ಮುಂದಿನ ವಾರ ಅವನು ಮತ್ತೊಂದು ಹೇಳಿದ. "ಡಾಕ್ಟರು ಹೆಚ್ಚು ಮಾಡ್ಯಾರ. ಮುಂಜಾನಿ ಒಂದು ನಾ ಕೊಡತೀನಿ, ರಾತ್ರಿ ಒಂದು ನೀ ಕೊಡು."

ಮೊದಲು ಗುಳಿಗೆಗಳು ಬೆಳ್ಳಿ ಬಣ್ಣದ ಪಟ್ಟಿಯಲ್ಲಿರುತ್ತಿದ್ದವು. ಈಗ ಬಿಡಿಬಿಡಿಯಾಗಿ ಕಾಗದದ ಪೊಟ್ಟಣದಲ್ಲಿ ಬರತೊಡಗಿದವು. ಹೊಳಿಯಮ್ಮ ಅದನ್ನು ಕಂಡಳು, ಕೇಳಲಿಲ್ಲ. ಉಪಕಾರ ಮಾಡುವವನನ್ನು ಏನೆಂದು ಕೇಳುವುದು?

ಕೇಳಿದವನು ಓಬಳೆಪ್ಪನೇ. "ಹೊಳಿ, ಮೇಸ್ತ್ರಿ ನಂಗ ಏನೋ ಹಾಕಾಕತ್ಯಾನ. ಆ ಹಗಲ ಗುಳಿಗಿ ನುಂಗಿದ ಮ್ಯಾಲ ಕಾಲು ನನ್ನ ಮಾತು ಕೇಳವೊಲ್ಲವು."

ಅವಳಿಗೆ ಹೆದರಿಕೆಯಾಯಿತು. ಗಂಡನ ಮಾತಿಗಲ್ಲ, ಅವನ ಸಂಶಯಕ್ಕೆ. ಯಾರೋ ಏನೋ ಮಾಡ್ಯಾರ ಅಂತ ಸಂಶಯ ಶುರುವಾದ್ರ ಕೂಡಲೇ ತಿಳಿಸ್ರಿ ಎಂದು ಡಾಕ್ಟರಮ್ಮ ಹೇಳಿದ್ದರು. ಆಸ್ಪತ್ರೆಗೆ ಹೋಗುವವನು ಈಗ ಮೇಸ್ತ್ರಿ. ಹಾಗಾಗಿ ಅವಳು ಮೇಸ್ತ್ರಿಗೇ ತಿಳಿಸಿದಳು.

ಮರಿಸ್ವಾಮಿ ಗಡ್ಡ ಕೆರೆದುಕೊಂಡ. "ಛಲೋ ಮಾಡಿದಿ ಹೇಳಿ. ರೋಗ ಮತ್ತ ಕೆರಳಾಕತ್ತೈತಿ. ಹಗಲಿಂದು ತಪ್ಪಸಬಾರದು."

ಮರುದಿನದಿಂದ ಹಾಜರಿಯ ಹೊತ್ತಿಗೆ ಎಲ್ಲರೆದುರು ನುಂಗಿಸತೊಡಗಿದ. "ಬಾಯಿ ತಗಿ. ನಾಲಿಗಿ ಎತ್ತು. ಹಾಂ, ಇಳಿ ಕಣಕ್ಕ."

ನಾಲಿಗೆ ಎತ್ತಿ ತೋರಿಸುವಾಗ ಓಬಳೆಪ್ಪ ಹೆಂಡತಿಯ ಕಡೆ ನೋಡುತ್ತಿದ್ದ. ಆ ನೋಟ ಅವಳಿಗೆ ರೊಟ್ಟಿ ತಟ್ಟುವಾಗಲೂ ಎದುರು ಬರುತ್ತಿತ್ತು.

ಮೂಟೆ ಹೊರುವ ಹಮಾಲರಲ್ಲಿ ಹಿರಿಯನಾದ ಮಕ್ಬುಲಸಾಬ ಇದನ್ನೆಲ್ಲ ದೂರದಿಂದ ನೋಡುತ್ತಿದ್ದ. ಅಮಾವಾಸ್ಯೆಯ ಮರುದಿನ ನೀರಿನ ತೊಟ್ಟಿಯ ಹತ್ತಿರ ಹೊಳಿಯಮ್ಮನನ್ನು ನಿಲ್ಲಿಸಿದ.

"ತಂಗಿ, ನಿನ್ನಿ ಗುಡ್ಯಾಗ ನಿನ್ನ ಗಂಡ ಎಷ್ಟು ಪದ ಕುಂತಿದ್ದ?"

"ಎರಡು ಪದ ಕುಂತಿದ್ರು ಕಾಕಾ. ನಾಲ್ಕು ತಿಂಗಳಾಗ ಅಮಾಸಿ ದಿನ ಅಷ್ಟ ಅವರು ಕುಂದ್ರೋದು."

"ಉಳಿದ ದಿನ?"

"ಒಂದು ನುಡಿ ಮುಗಿಯೋತನಕನೂ ಇಲ್ಲ."

"ನಿನ್ನಿ ಹಗಲ ಗುಳಿಗಿ ಯಾರು ಕೊಟ್ರು?"

ಹೊಳಿಯಮ್ಮ ದಿನಗಳನ್ನು ಹಿಂದಕ್ಕೆ ಎಣಿಸಿದಳು. ನಿನ್ನೆ ಗಿರಣಿ ಬಂದ್. ಮೇಸ್ತ್ರಿ ತನ್ನೂರಿಗೆ ಹೋಗಿದ್ದ. ಹಗಲಿನ ಗುಳಿಗೆ ಇರಲಿಲ್ಲ. ಹಿಂದಿನ ಅಮಾವಾಸ್ಯೆಯಲ್ಲೂ ಇರಲಿಲ್ಲ. ಅದರ ಹಿಂದಿನದರಲ್ಲೂ.

ಮಕ್ಬುಲಸಾಬ ಹೆಗಲ ವಲ್ಲಿಯಿಂದ ಮುಖ ಒರೆಸಿಕೊಂಡ. "ಡಾಕ್ಟರು ಬರದಿದ್ರ ಅಮಾಸಿ ದಿನಾನೂ ಬೇಕಲ್ಲ. ರೋಗಕ್ಕ ಸೂಟಿ ಐತೇನು?"

"ಅವರು ಹೇಳಿದ್ರು ಕಾಕಾ. ಮೊದಲ ಹೇಳಿದ್ರು. ನಾನ ರೋಗ ಅಂದ್ಕೊಂಡೆ."

"ಹುಚ್ಚು ಹಿಡಿದಿತ್ತು ಅಂದ ಮಾತ್ರಕ್ಕ ಅವ ಹೇಳಿದ್ದೆಲ್ಲ ಸುಳ್ಳ ಅಂತ ಯಾರು ಬರದಾರ?"

ಅಂದು ಪೊಟ್ಟಣವನ್ನೆಲ್ಲ ಒಲೆಗೆ ಹಾಕುವ ಸಿಟ್ಟು ಬಂತು ಅವಳಿಗೆ. ಕೈ ಒಲೆಯ ತನಕ ಹೋಯಿತು. ಕಾಲುವೆಯ ದಂಡೆ ನೆನಪಾಗಿ ಹಿಂದೆ ಸರಿಯಿತು. ರಾತ್ರಿಯ ಗುಳಿಗೆಯನ್ನು ಎಂದಿನಂತೆ ಕೊಟ್ಟಳು. ಮುಂಜಾನೆ ಹಾಜರಿಗೆ ಮೊದಲೇ ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಗಂಡನನ್ನು ಬಸ್ಸು ಹತ್ತಿಸಿದಳು.

ಸೀಟು ಖಾಲಿ ಇದ್ದರೂ ಓಬಳೆಪ್ಪ ಬಸ್ಸಿನೊಳಗೆ ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಓಡಾಡಿದ.

"ಏ ಯಜಮಾನ, ನಡಕೋತನ ಹೋಗೋದಿದ್ರ ಟಿಕೀಟು ಯಾಕ ತಗಸ್ಕೊಂಡಿ?" ಎಂದ ಕಂಡಕ್ಟರ್.

"ಕುಂದ್ರೋದು ಹೆಂಗಂತ ಕೇಳಾಕ ಹೊಂಟೀನ್ರಿ," ಎಂದ ಓಬಳೆಪ್ಪ. ಬಸ್ಸಿನವರು ನಕ್ಕರು.

ಆಸ್ಪತ್ರೆಯಲ್ಲಿ ಮಧ್ಯಾಹ್ನ ಅವರ ಸರದಿ ಬಂತು. ಡಾಕ್ಟರಮ್ಮ ಶಾಂಭವಿ ತಲೆ ಎತ್ತದೆ ಎಂದಿನಂತೆ ಕೇಳಿದರು. "ಆರಾಮ?"

ಆರಾಮ ಎಂದು ಕೇಳಿದರೆ ಆರಾಮ್ರಿ ಎನ್ನುವುದು ಈ ಕಡೆಯ ರೂಢಿ. ಸಾಯುವವನೂ ಹಾಗೆಯೇ ಅಂದುಬಿಡುತ್ತಾನೆ. ಹೊಳಿಯಮ್ಮನ ನಾಲಿಗೆಯ ತುದಿಗೂ ಅದೇ ಬಂದಿತ್ತು. ತಡೆದಳು.

"ಆರಾಮಿಲ್ರಿ ಬಾಯಾರ. ತಲಿ ಎತ್ತಿ ನೋಡ್ರಿ."

ಡಾಕ್ಟರಮ್ಮ ನೋಡಿದರು. ಕುರ್ಚಿಯಲ್ಲಿ ಕೂರಿಸಿದರು. ಓಬಳೆಪ್ಪನ ಮೊಣಕಾಲುಗಳು ಹೊಲಿಗೆ ಯಂತ್ರದಂತೆ ಕುಣಿದವು. ಎಣಿಸಿ ಇಪ್ಪತ್ತರೊಳಗೆ ಎದ್ದು ನಿಂತ. ಅವರು ಅವನ ಕೈ ಮಡಿಸಿ ಬಿಡಿಸಿ ನೋಡಿ, ಮೆಲ್ಲಗೆ ಕೇಳಿದರು.

"ಮನಸ್ಸು ಓಡಾಡ್ತದೋ, ಕಾಲು ಓಡಾಡ್ತಾವೋ?"

"ಮನಸ್ಸು ಕುಂತೈತ್ರಿ. ಕಾಲು ಕುಂದ್ರವೊಲ್ಲವು."

"ಬೈಯೋ ದನಿ ಕೇಳ್ತದೇನು?"

"ಇಲ್ರಿ. ಮೇಸ್ತ್ರಿದೊಂದ ಕೇಳತೈತಿ. ಅದು ಎಲ್ಲಾರಿಗೂ ಕೇಳತೈತ್ರಿ."

ಹೊಳಿಯಮ್ಮ ಗಂಟು ಬಿಚ್ಚಿ ಪೊಟ್ಟಣ ಮುಂದಿಟ್ಟಳು. ಹಗಲಿನದೊಂದು, ರಾತ್ರಿಯದೊಂದು, ಎರಡೂ ಇದೇ ಗುಳಿಗೆ, ನಾಲ್ಕು ತಿಂಗಳಿಂದ ಎಂದು ಹೇಳಿದಳು. ಡಾಕ್ಟರಮ್ಮ ರಿಜಿಸ್ಟರ್ ತೆರೆದರು.

"ನಾವು ಹೆಚ್ಚು ಮಾಡಿಲ್ಲಮ್ಮ. ರಾತ್ರಿ ಒಂದೇ ಐತಿ. ಇಲ್ಲಿಂದ ಅಷ್ಟೇ ಹೋಗ್ಯಾವ. ಚೀಟಿ ತೋರಿಸಿ ಹೊರಗಿನ ಅಂಗಡ್ಯಾಗ ಇನ್ನಷ್ಟು ತಗೊಂಡಿರಬೇಕು."

"ಮತ್ತ ಕಾಲಿಂದು?"

"ಅದು ರೋಗ ಅಲ್ಲ. ಈ ಗುಳಿಗಿಯಿಂದ, ಅದರಾಗೂ ಹೆಚ್ಚಾದ್ರ, ಕೆಲವರಿಗೆ ಹಿಂಗ ಕಾಲು ನಿಲ್ಲದಂಗ ಆಗ್ತದ. ನೋಡಿದವರು ರೋಗ ಹೆಚ್ಚಾತು ಅಂದ್ಕೊಂಡು ಮತ್ತೊಂದು ನುಂಗಿಸ್ತಾರ. ಕಾಲು ಮತ್ತಷ್ಟು ಓಡ್ತಾವ."

ಹೊಳಿಯಮ್ಮನಿಗೆ ಆಗ ತಿಳಿಯಿತು. ಹಗಲಿನದು ನುಂಗಿದರೆ ಕಾಲು ನಿಲ್ಲದೆಂದು ಮೇಸ್ತ್ರಿ ಕಣದಲ್ಲೇ ಕಂಡುಕೊಂಡಿದ್ದ. ಮರಿಸ್ವಾಮಿ ರೋಗಕ್ಕೆ ಕೊಡಲಿಲ್ಲ. ಕಾಲಿಗೆ ಕೊಟ್ಟ. ಕಣಕ್ಕೆ ಕೊಟ್ಟ.

"ಹಂಗಾದ್ರ ಎಲ್ಲಾ ಬಿಟ್ಟಬಿಡೋಣೇನ್ರಿ?" ಎಂದ ಓಬಳೆಪ್ಪ.

"ಬ್ಯಾಡ. ಗುಳಿಗಿ ನಿನ್ನ ವೈರಿ ಅಲ್ಲಪ್ಪ. ಹಗಲಿಂದು ಇವತ್ತಿಗೆ ಬಂದ್. ರಾತ್ರಿದು ನಾ ಹೇಳೋತನಕ ಬಿಡಬ್ಯಾಡ, ನೀನಾಗೇ ಹೆಚ್ಚು ಕಡಿಮಿ ಮಾಡಬ್ಯಾಡ. ಕಾಲಿಗೆ ಬ್ಯಾರೆ ಗುಳಿಗಿ ಬರಿತೀನಿ. ಒಂದೇ ದಿನಕ್ಕ ನಿಲ್ಲೋದಿಲ್ಲ, ಹದಿನೈದು ದಿನಕ್ಕ ಬಂದು ತೋರ್ಸು. ಬಿಸಿಲು, ಬಾಯ್ಲರು ಬ್ಯಾಡ. ಇದನ್ನ ತಗೊಳ್ಳೋರ ಮೈ ಕಾವು ತಡಿಯೋದಿಲ್ಲ. ಜ್ವರ ಬಂದು ಮೈ ಕಟ್ಟಿಗಿಯಂಗ ಬಿಗದ್ರ ಅವತ್ತೇ, ಆ ಕ್ಷಣಕ್ಕೇ ಬರಬೇಕು."

ಹೊಳಿಯಮ್ಮ ಏಳಲಿಲ್ಲ. "ಬಾಯಾರ, ಆ ಪುಸ್ತಕದಾಗ ನಾಲ್ಕು ತಿಂಗಳು ಏನು ಬರದೀರಿ?"

ಡಾಕ್ಟರಮ್ಮ ಹಾಳೆ ನೋಡಿದರು. "ಆರಾಮ ಅಂತ ಐತಿ."

"ಇವರನ್ನ ನೋಡಿ ಬರದ್ರೋ, ಮೇಸ್ತ್ರಿನ ನೋಡಿ ಬರದ್ರೋ?"

ಹೊರಗೆ ಐವತ್ತು ಜನ ಕಾಯುತ್ತಿದ್ದರು. ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು. "ನೋಡದ ಕೊಟ್ಟಿದ್ದು ನಮ್ಮ ತಪ್ಪು," ಎಂದರು.

"ಹಂಗಾದ್ರ ಈಗ ಹೇಳಿದ್ದೆಲ್ಲ ಕನ್ನಡದಾಗ ಬರದು ಸಹಿ ಹಾಕ್ರಿ. ನಾಲ್ಕು ಮಂದಿ ಓದಬೇಕು."

ಮರುದಿನ ಮುಂಜಾನೆ ಕಣದ ಮೇಲೆ ಆಗತಾನೆ ಹರವಿದ ಭತ್ತ ಹಬೆ ಬಿಡುತ್ತಿತ್ತು. ಮರಿಸ್ವಾಮಿ ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ಗುಳಿಗೆ ಹಿಡಿದು ಬಂದ.

"ನಿನ್ನಿ ಹೇಳದ ಕೇಳದ ಎಲ್ಲಿ ಹೋಗಿದ್ರಿ? ಬಾಯಿ ತಗಿಯೋ."

ಓಬಳೆಪ್ಪ ಬಾಯಿ ತೆರೆಯಲಿಲ್ಲ. ಹೊಳಿಯಮ್ಮ ನಡುವೆ ಬಂದು ನಿಂತಳು.

"ಮೇಸ್ತ್ರಿಯವರ, ಅಮಾಸಿ ದಿನ ಯಾಕ ಕೊಡಲಿಲ್ಲ?"

"ಮರ್ತಿದ್ದೆ."

"ನಾಲ್ಕೂ ಅಮಾಸಿ ಮರತ್ರ್ಯಾ?"

"ಏನವ್ವ, ಗಂಡನ ರೋಗ ನಿನಗೂ ಹತ್ತೇತೇನು? ನೀನೂ ಸಂಶೆ ಪಡಾಕತ್ತೀದಿ."

ಮೊದಲಾಗಿದ್ದರೆ ಆ ಮಾತಿಗೆ ಅವಳು ತಲೆ ತಗ್ಗಿಸುತ್ತಿದ್ದಳು. ಈಗ ಡಾಕ್ಟರಮ್ಮ ಬರೆದುಕೊಟ್ಟ ಚೀಟಿಯನ್ನು ಮಕ್ಬುಲಸಾಬನ ಕೈಗೆ ಕೊಟ್ಟಳು. ಅವನು ದಾರ ಕಟ್ಟಿದ ಕನ್ನಡಕ ಏರಿಸಿ, ಹಮಾಲರೂ ಹೆಂಗಸರೂ ಕೇಳುವಂತೆ, ಒಂದೊಂದೇ ಅಕ್ಷರ ಬಿಡಿಸಿ ಓದಿದ. ರಾತ್ರಿ ಒಂದೇ ಗುಳಿಗೆ, ಹೆಂಡತಿಯ ಕೈಯಿಂದ. ಹಗಲಿನ ಗುಳಿಗೆ ವೈದ್ಯರು ಬರೆದದ್ದಲ್ಲ. ಕಾಲು ನಿಲ್ಲದಿರುವುದು ಗುಳಿಗೆ ಹೆಚ್ಚಾದದ್ದರಿಂದ. ಬಿಸಿಲಿನ ಕೆಲಸ ಕೊಡಬಾರದು.

ದುರಗಮ್ಮ ಓಬಳೆಪ್ಪನ ಒಡೆದ ಹಿಮ್ಮಡಿಯನ್ನು ನೋಡಿದಳು. ಆಮೇಲೆ ಮೇಸ್ತ್ರಿಯ ಕೈಯಲ್ಲಿದ್ದ ಗುಳಿಗೆಯನ್ನು ನೋಡಿದಳು.

"ಹಂಗಾದ್ರ ನನ್ನ ತಂಗಿ ಕೆಲಸ ನುಂಗಿದ್ದು ಇದು ಅನ್ನು. ಇಷ್ಟು ದಿನ ನಾ ಇವನ ಮ್ಯಾಲ ಹಲ್ಲು ಕಡದ್ನಲ್ಲ."

"ಬಾಯಿ ಮುಚ್ರಿ. ಸಾವ್ಕಾರ್ರು ಬರೋ ಹೊತ್ತಾತು. ಇಳೀರಿ ಕಣಕ್ಕ," ಎಂದ ಮರಿಸ್ವಾಮಿ. "ಭತ್ತ ತಿರುವದಿದ್ರ ನಾತ ಹೊಡಿತೈತಿ."

ಹೊಳಿಯಮ್ಮ ಕೈಯಲ್ಲಿದ್ದ ಕಸಬರಿಗೆ ಕೆಳಗಿಟ್ಟಳು. ಕಣದ ಅಂಚಿನಲ್ಲಿ ಕಾಲು ಮಡಿಸಿ ಕುಳಿತಳು. ದುರಗಮ್ಮ ಅವಳ ಪಕ್ಕ ಬಂದು ಕುಳಿತಳು. ಮಕ್ಬುಲಸಾಬ ವಲ್ಲಿ ಹಾಸಿ ಕುಳಿತ. ಹಮಾಲರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಕುಳಿತ. ಆಮೇಲೆ ಇನ್ನಿಬ್ಬರು. ಕೊನೆಗೆ ಬಾಯ್ಲರಿನವನೂ ಬೆಂಕಿ ಬಿಟ್ಟು ಬಂದು ಕುಳಿತ.

ನಿಂತವನು ಓಬಳೆಪ್ಪ ಒಬ್ಬನೇ. ಅವನೂ ಕೂರಲು ನೋಡಿದ. ಹೆಂಡತಿಯ ಪಕ್ಕ ಮಂಡಿ ಊರಿದ. ಕಾಲು ಬಿಡಲಿಲ್ಲ. ಎದ್ದ. ಭತ್ತಕ್ಕೆ ಇಳಿಯದೆ, ಕುಳಿತವರ ಸುತ್ತ ನೆರಳಿನಲ್ಲಿ ನಡೆಯತೊಡಗಿದ.

ಮರಿಸ್ವಾಮಿ ತಂಬಿಗೆಯನ್ನು ನೆಲಕ್ಕೆ ಕುಕ್ಕಿದ. "ಏಳತೀರೋ ಇಲ್ಲೋ? ಯಾವಾಗ ಏಳತೀರಿ?"

ಹೊಳಿಯಮ್ಮ ತನ್ನ ಪಕ್ಕದ ಖಾಲಿ ಜಾಗವನ್ನು ಅಂಗೈಯಿಂದ ಒರೆಸಿದಳು, ಭಜನೆಗೆ ಬರುವವನಿಗೆ ಜಾಗ ಮಾಡುವಂತೆ.

"ಅವರು ಕುಂತ ಮ್ಯಾಲ ಏಳತೀವ್ರಿ," ಎಂದಳು.

ಬಿಸಿಲು ಏರಿತು. ಕಣದ ಭತ್ತದಿಂದ ಸಣ್ಣಗೆ ಹುಳಿ ವಾಸನೆ ಏಳತೊಡಗಿತು. ತಿರುವಲು ಯಾರೂ ಏಳಲಿಲ್ಲ.